ಓಂ ಬೀಚಿನ ನಾಯಿಮರಿಗೆ ವಿದೇಶ ಪ್ರಯಾಣ: ಏಳು ತಿಂಗಳ ಲೆಕ್ಕ ಮತ್ತು ಊರಿನ ಪಾಲು



ಕುಮಟಾ ತಾಲ್ಲೂಕಿನ ಗೋಕರ್ಣದ ಸುತ್ತಮುತ್ತ ಭತ್ತ, ತರಕಾರಿ, ತೆಂಗು ಬೆಳೆಯುವ ಎಷ್ಟೋ ಕುಟುಂಬಗಳಿಗೆ ಇಂದು ಪ್ರವಾಸಿಗರೂ ಒಂದು ಬೆಳೆಯೇ ಆಗಿದ್ದಾರೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಈ ಬೆಳೆಯ ಹಂಗಾಮು. ಓಂ ಬೀಚ್, ಕುಡ್ಲೆ ಬೀಚ್‌ಗಳಿಗೆ ಬರುವ ವಿದೇಶಿಯರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಇಲ್ಲಿಯೇ ಉಳಿಯುತ್ತಾರೆ. ಉಳಿದವರಿಗೆ ಮರಳಿನ ಮೇಲೆ ಓಡಾಡುವ ನಾಯಿಮರಿಗಳ ಒಡನಾಟ ಬೆಳೆಯುತ್ತದೆ. ಹೊರಡುವ ದಿನ ಹತ್ತಿರವಾದಾಗ, ಅದನ್ನು ತಮ್ಮೊಡನೆ ಕೊಂಡೊಯ್ಯಬಹುದೇ ಎಂಬ ಪ್ರಶ್ನೆ ಹುಟ್ಟುತ್ತದೆ.

ಕಳೆದ ಫೆಬ್ರವರಿ ಕೊನೆಯಲ್ಲಿ ಅಘನಾಶಿನಿ ನದಿಯ ಗಜನಿ ಭೂಮಿಗಳಲ್ಲಿ ಬೆಳೆಯುವ ಕಗ್ಗ ಭತ್ತದ ಬಗ್ಗೆ ಮಾತನಾಡಲು ಹೋಗಿದ್ದಾಗ, ಸಭೆ ಮುಗಿದ ಮೇಲೆ ರೈತರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದರು. ಬೀಚಿಗೆ ಸಮೀಪ ಎರಡು ಕೋಣೆಗಳನ್ನು ಬಾಡಿಗೆಗೆ ಕೊಡುವವರು ಅವರು. “ಸರ್, ನಮ್ಮಲ್ಲಿ ಉಳಿದಿದ್ದ ಜರ್ಮನಿಯವರು ಒಂದು ಮರಿ ಸಾಕಿದ್ದರು. ಈಗ ಅವರು ಊರಿಗೆ ಹೋದರು, ಮರಿ ನಮ್ಮ ಮನೆಯಲ್ಲಿದೆ. ಕಳಿಸಿಕೊಡಿ, ಖರ್ಚು ನಮ್ಮದು ಎಂದಿದ್ದಾರೆ. ಒಬ್ಬ ಏಜೆಂಟ್ ಡಿಸೆಂಬರ್‌ನಲ್ಲೇ ಚುಚ್ಚುಮದ್ದು ಹಾಕಿಸಿದಂತೆ ಕಾಗದ ಮಾಡಿಕೊಡುತ್ತೇನೆ ಅನ್ನುತ್ತಾನೆ. ಮಾಡಿಸಬಹುದಾ?” ಎಂದು ಕೇಳಿದರು.

ನಾನು ಬೇಸಾಯಶಾಸ್ತ್ರದವನು, ಪಶುವೈದ್ಯನಲ್ಲ. ಆದರೂ ಬೀಜ ಮತ್ತು ಸಸಿಗಳು ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವಾಗ ಪಾಲಿಸಬೇಕಾದ ನಿಯಮಗಳೊಡನೆ ಮೂರು ದಶಕ ಕೆಲಸ ಮಾಡಿರುವುದರಿಂದ ಆ ಕಾಗದದ ಅಪಾಯ ತಕ್ಷಣ ಕಂಡಿತು. ಪಶುವೈದ್ಯ ಮಿತ್ರರೊಂದಿಗೆ ಚರ್ಚಿಸಿ, ಆ ರೈತರಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆದಿದ್ದೇನೆ. ವಿದೇಶದಲ್ಲಿ ನೆಲೆಸಿದ ಮಕ್ಕಳು ಮನೆಯ ನಾಯಿಯನ್ನು ಕರೆಸಿಕೊಳ್ಳಲು ಬಯಸುವ ಕುಟುಂಬಗಳಿಗೂ ಇದು ಅನ್ವಯಿಸುತ್ತದೆ.

ಮೊದಲ ಪ್ರಶ್ನೆ: ಈ ನಾಯಿ ಯಾರದು?

ನಮ್ಮ ಕರಾವಳಿಯಲ್ಲಿ ಮನೆನಾಯಿಗೆ ಕೊರಳಪಟ್ಟಿ ಕಟ್ಟುವ, ಹಗಲಿಡೀ ಕಟ್ಟಿಹಾಕುವ ಪದ್ಧತಿ ಕಡಿಮೆ. ರಾತ್ರಿ ಮನೆ ಕಾಯುವ ನಾಯಿ ಹಗಲು ಬೀಚಿಗೆ ಹೋಗಿ ಅಂಗಡಿಗಳ ಮುಂದೆ ಮಲಗುವುದುಂಟು. ಪ್ರವಾಸಿಗರ ಕಣ್ಣಿಗೆ ಅದು ಅನಾಥ. ಮೀನುಗಾರರ ಅಥವಾ ರೈತರ ಮನೆಯವರಿಗೆ ಅದು ಹೆಸರಿಟ್ಟು ಸಾಕಿದ ಪ್ರಾಣಿ. ಆದ್ದರಿಂದ ಯಾವ ಸಿದ್ಧತೆಗೂ ಮೊದಲು ಅಕ್ಕಪಕ್ಕದ ಕೇರಿಗಳಲ್ಲಿ ವಿಚಾರಿಸುವುದು ಅವಶ್ಯ. ನಿಮ್ಮ ಮನೆಯಲ್ಲಿ ಉಳಿದ ಅತಿಥಿಗೆ ಈ ಮಾತನ್ನು ಹೇಳಬೇಕಾದವರು ನೀವೇ, ಏಕೆಂದರೆ ಅವರಿಗೆ ಭಾಷೆಯೂ ತಿಳಿಯದು, ಊರೂ ತಿಳಿಯದು.

ನಿಜವಾಗಿಯೂ ಒಡೆಯರಿಲ್ಲದ ನಾಯಿಯಾದರೆ ಕಾನೂನಿನ ಸ್ಥಿತಿ ಬೇರೆ. 2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳು ಬೀದಿನಾಯಿಗಳನ್ನು ಸಮುದಾಯದ ಪ್ರಾಣಿಗಳೆಂದು ಪರಿಗಣಿಸಿ, ಸಂತಾನಹರಣ ಮತ್ತು ಲಸಿಕೆಯ ಬಳಿಕ ಅವನ್ನು ಹಿಡಿದ ಸ್ಥಳದಲ್ಲಿಯೇ ಬಿಡಬೇಕೆಂದು ಹೇಳುತ್ತವೆ. ದೆಹಲಿಯ ಬೀದಿನಾಯಿಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 11ರಂದು ಎಲ್ಲ ನಾಯಿಗಳನ್ನೂ ಆಶ್ರಯತಾಣಗಳಿಗೆ ಸಾಗಿಸಲು ಆದೇಶಿಸಿತ್ತು. ಆಗಸ್ಟ್ 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿತು. ರೇಬೀಸ್ ತಗುಲಿದ, ತಗುಲಿದ ಶಂಕೆಯಿರುವ ಅಥವಾ ಆಕ್ರಮಣಕಾರಿಯಾದ ನಾಯಿಗಳನ್ನು ಹೊರತುಪಡಿಸಿ, ಉಳಿದವನ್ನು ಚಿಕಿತ್ಸೆ ಮತ್ತು ಲಸಿಕೆಯ ಬಳಿಕ ಮೂಲಸ್ಥಳಕ್ಕೆ ಬಿಡಬೇಕೆಂದು ಹೇಳಿ, ಪ್ರಕರಣದ ವ್ಯಾಪ್ತಿಯನ್ನು ಇಡೀ ದೇಶಕ್ಕೆ ವಿಸ್ತರಿಸಿತು. ಅದೇ ಆದೇಶದಲ್ಲಿ ದತ್ತು ಸ್ವೀಕಾರದ ಮಾತೂ ಇದೆ. ಪ್ರಾಣಿಪ್ರಿಯರು ಸ್ಥಳೀಯ ಸಂಸ್ಥೆಗೆ ಅರ್ಜಿ ಸಲ್ಲಿಸಿ ನಾಯಿಯನ್ನು ದತ್ತು ಪಡೆಯಬಹುದು. ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬರದಂತೆ ನೋಡಿಕೊಳ್ಳುವ ಹೊಣೆ ದತ್ತು ಪಡೆದವರದು.

ಈ ಹೊಣೆಯ ಮಾತನ್ನು ನೆನಪಿಡಿ. ನಾಲ್ಕು ತಿಂಗಳು ಕೈಯಿಂದ ಉಣಿಸಿ, ನಂತರ ಬಿಟ್ಟುಹೋದ ಮರಿ ಊರಿನ ಲೆಕ್ಕಕ್ಕೆ ಇನ್ನೊಂದು ಬೀದಿನಾಯಿ. ಜೂನ್‌ನಲ್ಲಿ ಮಳೆ ಹಿಡಿದು ಬೀಚಿನ ವ್ಯಾಪಾರ ನಿಂತಾಗ ಅದು ಆಹಾರ ಹುಡುಕಿ ಬರುವುದು ನಿಮ್ಮ ಕೊಟ್ಟಿಗೆಗೆ, ಕೋಳಿಗೂಡಿಗೆ, ಮಕ್ಕಳು ಶಾಲೆಗೆ ಹೋಗುವ ದಾರಿಗೆ.

ಹೊರದೇಶಗಳು ಕೇಳುವುದೇನು?

ಹೊರದೇಶಗಳ ನಿಯಮಗಳು ಹಲವಾರು ಪುಟಗಳಷ್ಟಿದ್ದರೂ ಅವುಗಳ ತಿರುಳು ಒಂದೇ: ರೇಬೀಸ್, ಅಂದರೆ ಹುಚ್ಚುನಾಯಿ ರೋಗ, ತಮ್ಮ ಗಡಿಯೊಳಗೆ ಬರಬಾರದು. ನಾಯಿಗಳ ಮೂಲಕ ಹರಡುವ ರೇಬೀಸ್ ಭಾರತದಲ್ಲಿ ಇನ್ನೂ ಇರುವುದರಿಂದ ನಮ್ಮಲ್ಲಿಂದ ಹೊರಡುವ ನಾಯಿಗೆ ಕಟ್ಟುನಿಟ್ಟು ಹೆಚ್ಚು. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಹೋಗಲು ನಾಲ್ಕು ಹಂತಗಳನ್ನು ಇದೇ ಕ್ರಮದಲ್ಲಿ ಪೂರೈಸಬೇಕು.

1. ಮೈಕ್ರೊಚಿಪ್: ಅಕ್ಕಿಕಾಳಿನ ಗಾತ್ರದ ಚಿಪ್ಪನ್ನು ಕುತ್ತಿಗೆಯ ಚರ್ಮದಡಿ ಸೇರಿಸಲಾಗುತ್ತದೆ. ಅದು ಐಎಸ್‌ಒ 11784 ಮತ್ತು 11785 ಮಾನದಂಡದ, 15 ಅಂಕಿಗಳ ಸಂಖ್ಯೆಯುಳ್ಳದ್ದಾಗಿರಬೇಕು. ನಿಮ್ಮ ಹಸುವಿನ ಕಿವಿಗೆ ಹಾಕಿರುವ 12 ಅಂಕಿಗಳ ಹಳದಿ ಓಲೆಯ ಕೆಲಸವನ್ನೇ ಇದು ಮಾಡುತ್ತದೆ. ಆದರೆ ಓಲೆ ಹರಿದುಹೋಗಬಹುದು, ಚಿಪ್ ಹೋಗದು.

2. ರೇಬೀಸ್ ಲಸಿಕೆ: ಚಿಪ್ ಹಾಕಿದ ದಿನ ಅಥವಾ ಅದರ ನಂತರ ಕೊಡಿಸಬೇಕು. ಚಿಪ್‌ಗೆ ಮೊದಲು ಕೊಟ್ಟ ಲಸಿಕೆ ಲೆಕ್ಕಕ್ಕಿಲ್ಲ, ಏಕೆಂದರೆ ಲಸಿಕೆ ಪಡೆದದ್ದು ಇದೇ ನಾಯಿ ಎಂಬುದಕ್ಕೆ ಆಧಾರವಿರುವುದಿಲ್ಲ. ಮರಿಗೆ ಕನಿಷ್ಠ 12 ವಾರ ತುಂಬಿರಬೇಕು.

3. ರಕ್ತಪರೀಕ್ಷೆ: ಲಸಿಕೆಯಾಗಿ ಕನಿಷ್ಠ 30 ದಿನಗಳ ನಂತರ ರಕ್ತ ತೆಗೆದು, ಒಕ್ಕೂಟದ ಮಾನ್ಯತೆ ಪಡೆದ ಪ್ರಯೋಗಾಲಯದಲ್ಲಿ ಪ್ರತಿಕಾಯದ ಪ್ರಮಾಣವನ್ನು ಅಳೆಯಿಸಬೇಕು. ಪ್ರತಿ ಮಿ.ಲೀ. ರಕ್ತಸಾರದಲ್ಲಿ ಅದು ಕನಿಷ್ಠ 0.5 ಅಂತರರಾಷ್ಟ್ರೀಯ ಘಟಕ ಇರಬೇಕು.

4. ಕಾಯುವಿಕೆ: ರಕ್ತ ತೆಗೆದ ದಿನದಿಂದ ಮೂರು ತಿಂಗಳು ಕಳೆದ ಮೇಲಷ್ಟೇ ಪ್ರಯಾಣ. ಪ್ರಯಾಣಕ್ಕೆ ಮುನ್ನಿನ ಕೊನೆಯ ದಿನಗಳಲ್ಲಿ ಸರ್ಕಾರಿ ಪಶುವೈದ್ಯಾಧಿಕಾರಿಗಳ ಆರೋಗ್ಯ ಪ್ರಮಾಣಪತ್ರ ಬೇಕು. ಅದು ಒಕ್ಕೂಟದ ಗಡಿ ತಲಪುವವರೆಗೆ 10 ದಿನಗಳಷ್ಟೇ ಊರ್ಜಿತ.

ಮುಂದಿನ ವರ್ಧಕ ಲಸಿಕೆಯ ದಿನ ತಪ್ಪಿದರೆ ಇಡೀ ಸರಣಿ ಮೊದಲಿನಿಂದ ಆರಂಭವಾಗುತ್ತದೆ. ತಪ್ಪದಿದ್ದರೆ ಅದೇ ರಕ್ತಪರೀಕ್ಷೆ ಮುಂದೆಯೂ ನಡೆಯುತ್ತದೆ.

ರಕ್ತ ಸರಿಯಿದ್ದರೂ ಮೂರು ತಿಂಗಳು ಏಕೆ?

ಬಹಳ ಮಂದಿಗೆ ಅರ್ಥವಾಗದ ಭಾಗವಿದು. ಪ್ರತಿಕಾಯ ಸಾಕಷ್ಟಿದೆ ಎಂದು ಪ್ರಯೋಗಾಲಯವೇ ಹೇಳಿದ ಮೇಲೆ ಕಾಯಿಸುವುದೇಕೆ?

ಶುಂಠಿಯ ಬೀಜಗೆಡ್ಡೆಯನ್ನು ನೆನೆಯಿರಿ. ಹೊರಗಿನಿಂದ ಗಟ್ಟಿಯಾಗಿ, ಹೊಳಪಾಗಿ ಕಾಣುವ ಗೆಡ್ಡೆಯೊಳಗೆ ಕೊಳೆರೋಗದ ಸೋಂಕು ಅಡಗಿರಬಹುದು. ನೆಟ್ಟು ಮಳೆ ಬಿದ್ದ ಮೇಲೆಯೇ ಅದು ಹೊರಬರುತ್ತದೆ. ಈ ಕಾರಣಕ್ಕಾಗಿಯೇ ಹೊರದೇಶದಿಂದ ಬಂದ ಹಲವು ಬಗೆಯ ನಾಟಿ ಸಾಮಗ್ರಿಯನ್ನು ಬಂದರಿನಲ್ಲಿ ಪರೀಕ್ಷಿಸಿದ ನಂತರವೂ ಪ್ರತ್ಯೇಕ ತಾಕಿನಲ್ಲಿ ಬೆಳೆಸಿ, ಕಾದು ನೋಡುತ್ತಾರೆ.

ರೇಬೀಸ್ ವೈರಾಣುವಿನ ನಡೆಯೂ ಹಾಗೆಯೇ. ಕಚ್ಚಿದ ಜಾಗದಿಂದ ಅದು ನರಗಳ ಮೂಲಕ ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಲಕ್ಷಣ ಕಾಣಿಸಿಕೊಳ್ಳಲು ಕೆಲವು ವಾರಗಳಿಂದ ಕೆಲವು ತಿಂಗಳುಗಳೇ ಬೇಕಾಗಬಹುದು. ಲಸಿಕೆ ಕೊಡುವ ಮುನ್ನವೇ ರೋಗಗ್ರಸ್ತ ನಾಯಿಯಿಂದ ಕಚ್ಚಿಸಿಕೊಂಡ ಮರಿ ಪರೀಕ್ಷೆಯ ದಿನ ಚಟುವಟಿಕೆಯಿಂದಲೇ ಇರಬಹುದು. ಲಸಿಕೆ ಹಿಡಿದಿದೆ ಎಂಬುದನ್ನು ರಕ್ತಪರೀಕ್ಷೆ ತಿಳಿಸುತ್ತದೆ. ಮೊದಲೇ ಸೋಂಕು ಹೊಕ್ಕಿಲ್ಲ ಎಂಬುದನ್ನು ಕಾಲ ಮಾತ್ರ ತಿಳಿಸಬಲ್ಲದು. ಎರಡೂ ಬೇಕು.

ದಿನಾಂಕ ಹಾಕಿ ನೋಡೋಣ

ಆ ರೈತರ ಮನೆಯ ಮರಿ ಅಂದಾಜು ಅಕ್ಟೋಬರ್ 20ರ ಸುಮಾರಿಗೆ ಹುಟ್ಟಿದ್ದು. ಅತಿಥಿಗಳು ಡಿಸೆಂಬರ್ 1ರಂದು ಅದನ್ನು ಕೋಣೆಗೆ ತಂದಾಗ ಆರು ವಾರ. ಅಂದೇ ಪಶುವೈದ್ಯರನ್ನು ಕಂಡು ಯೋಜನೆ ಮಾಡಿದ್ದರೆ 12 ವಾರ ತುಂಬುವ ಜನವರಿ 12ರಂದು ಚಿಪ್ ಮತ್ತು ಲಸಿಕೆ, ಫೆಬ್ರವರಿ 11ರಂದು ರಕ್ತದ ಮಾದರಿ, ಮೇ 11ರಂದು ಪ್ರಯಾಣಕ್ಕೆ ಅರ್ಹತೆ. ಅಂದರೆ ಒಂದು ದಿನವನ್ನೂ ಪೋಲು ಮಾಡದಿದ್ದರೂ ಯುರೋಪಿಗೆ ಹೊರಡುವ ಭಾರತದ ಮರಿಗೆ ಏಳು ತಿಂಗಳ ವಯಸ್ಸು ಸಮೀಪಿಸಿರುತ್ತದೆ. ಪ್ರವಾಸಿಗರ ಹಂಗಾಮು ಅದಕ್ಕಿಂತ ಚಿಕ್ಕದು. ಬೆಳೆದ ನಾಯಿಗೂ ಲಸಿಕೆಯ ದಿನದಿಂದ ಲೆಕ್ಕ ಹಾಕಿದರೆ ನಾಲ್ಕು ತಿಂಗಳು ಬೇಕೇ ಬೇಕು.

ನಮ್ಮ ರೈತರ ಮನೆಯಲ್ಲಿ ಫೆಬ್ರವರಿ ಮುಗಿಯುವವರೆಗೆ ಯಾವ ಲಸಿಕೆಯೂ ಆಗಿರಲಿಲ್ಲ. ಏಜೆಂಟ್ ಹೇಳಿದ ಸುಳ್ಳು ಕಾಗದ ಈ ಅಂತರವನ್ನು ಮುಚ್ಚಲೆಂದೇ ಇದ್ದದ್ದು. ಡಿಸೆಂಬರ್ ಮೊದಲ ವಾರದಲ್ಲಿ ಲಸಿಕೆಯಾಯಿತೆಂದು ಅದರಲ್ಲಿ ಬರೆದರೆ, ಮರಿಗೆ ಆಗ 12 ವಾರವೇ ಆಗಿರಲಿಲ್ಲ. ಜೊತೆಗೆ ಚಿಪ್ ಹಾಕಿದ ದಿನಾಂಕ ಲಸಿಕೆಯ ದಿನಾಂಕವೇ ಅಥವಾ ಅದಕ್ಕಿಂತ ಹಿಂದಿನದಾಗಿರಬೇಕು. ಲಸಿಕೆ ಪಡೆಯದ ಮರಿಯ ರಕ್ತದಲ್ಲಿ ಪ್ರತಿಕಾಯವೂ ಸಿಗದು. ಒಂದು ಸುಳ್ಳಿಗೆ ಇನ್ನೆರಡು ಸುಳ್ಳುಗಳು, ಕೊನೆಗೆ ಬೇರೊಂದು ನಾಯಿಯ ರಕ್ತವೂ ಬೇಕಾಗುತ್ತದೆ.

ಸುಳ್ಳು ಕಾಗದದ ಮೊದಲ ಬಲಿ ಯಾರು?

ಗಡಿಯಲ್ಲಿ ಸಿಕ್ಕಿಬಿದ್ದರೆ ನಾಯಿಯನ್ನು ವಾಪಸ್ಸು ಕಳುಹಿಸಬಹುದು, ಕ್ವಾರಂಟೈನ್‌ನಲ್ಲಿ ಇಡಬಹುದು, ಬೇರೆ ದಾರಿಯಿಲ್ಲದಿದ್ದರೆ ದಯಾಮರಣಕ್ಕೂ ಒಳಪಡಿಸಬಹುದು. ಇದು ಎಲ್ಲರಿಗೂ ತಿಳಿದ ಅಪಾಯ. ನಾನು ಆ ರೈತರ ಗಮನಕ್ಕೆ ತಂದದ್ದು ಅದಕ್ಕಿಂತ ಹತ್ತಿರದ ಅಪಾಯವನ್ನು.

ಕಾಗದದಲ್ಲಿ ಲಸಿಕೆಯಾದ ಮರಿ ಅವರ ಜಗಲಿಯಲ್ಲೇ ಇನ್ನೂ ತಿಂಗಳುಗಟ್ಟಲೆ ಇರುತ್ತಿತ್ತು. ಮನೆಯಲ್ಲಿ ಇಬ್ಬರು ಶಾಲಾ ಮಕ್ಕಳು. ಆಟದ ಭರದಲ್ಲಿ ಮರಿ ಹಲ್ಲು ತಾಗಿಸಿದರೆ, “ಇದಕ್ಕೆ ಚುಚ್ಚುಮದ್ದು ಆಗಿದೆ, ಕಾಗದವೇ ಇದೆ” ಎಂಬ ಧೈರ್ಯದಲ್ಲಿ ಗಾಯಕ್ಕೆ ಅರಿಶಿನ ಹಚ್ಚಿ ಸುಮ್ಮನಾಗುವ ಸಾಧ್ಯತೆಯೇ ಹೆಚ್ಚು. ರೇಬೀಸ್ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಬದುಕುಳಿಯುವುದು ಬಹುತೇಕ ಅಸಾಧ್ಯ. ಜರ್ಮನಿಯ ಅಧಿಕಾರಿಯನ್ನು ನಂಬಿಸಲು ಬರೆದ ಸುಳ್ಳನ್ನು ಮೊದಲು ನಂಬುವವರು ಮನೆಯವರೇ.

ಮುದ್ದುಮರಿಯಿಂದ ಅಪಾಯವೇ ಎಂದು ಕೇಳುವವರಿಗೆ ಒಂದು ಘಟನೆ ಸಾಕು. 2019ರಲ್ಲಿ ನಾರ್ವೆಯ 24 ವರ್ಷದ ಯುವತಿಯೊಬ್ಬರು ಫಿಲಿಪ್ಪೀನ್ಸ್ ಪ್ರವಾಸದಲ್ಲಿ ರಸ್ತೆಬದಿಯ ಮರಿಯೊಂದನ್ನು ಎತ್ತಿಕೊಂಡು ಬಂದು ಉಪಚರಿಸಿದರು. ಆಟವಾಡುವಾಗ ಅದು ಸಣ್ಣದಾಗಿ ಕಚ್ಚಿತು. ಊರಿಗೆ ಮರಳಿದ ಮೇಲೆ ಮೇ ತಿಂಗಳಲ್ಲಿ ಅವರು ರೇಬೀಸ್‌ನಿಂದ ಮೃತಪಟ್ಟರು. 2008ರಲ್ಲಿ ಶ್ರೀಲಂಕಾದಿಂದ ಲಂಡನ್ನಿಗೆ ತಂದ ಮರಿಯೊಂದು ಕ್ವಾರಂಟೈನ್ ಕೇಂದ್ರದಲ್ಲಿಯೇ ರೇಬೀಸ್‌ನಿಂದ ಸತ್ತಿತು. ಅದು ಅಲ್ಲಿದ್ದ ಜನರನ್ನು ಕಚ್ಚಿತ್ತು. ಕಾಯಿಸುವ ವ್ಯವಸ್ಥೆ ಇದ್ದುದರಿಂದ ರೋಗ ಆ ಕೇಂದ್ರದ ಗೋಡೆಯ ಹೊರಗೆ ಹೋಗಲಿಲ್ಲ. 2004ರಲ್ಲಿ ಮೊರಾಕ್ಕೊದಿಂದ ನಿಯಮ ಮೀರಿ ಫ್ರಾನ್ಸಿಗೆ ತಂದ ಮರಿಗೆ ಅಂಥ ಗೋಡೆಯಿರಲಿಲ್ಲ. ಅದರ ಸಂಪರ್ಕಕ್ಕೆ ಬಂದ ಜನ ಮತ್ತು ಪ್ರಾಣಿಗಳನ್ನು ಹುಡುಕಲು ನೈರುತ್ಯ ಫ್ರಾನ್ಸಿನಾದ್ಯಂತ ಶೋಧ ನಡೆಯಿತು. ಈ ಮೂರೂ ಪ್ರಕರಣಗಳಲ್ಲಿ ಮರಿಗಳನ್ನು ಎತ್ತಿಕೊಂಡವರಲ್ಲಿ ಇದ್ದದ್ದು ಪ್ರೀತಿಯೇ.

ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ

2021ರ ಜೂನ್‌ನಲ್ಲಿ ಅಜರ್‌ಬೈಜಾನ್‌ನಿಂದ ಶಿಕಾಗೊಗೆ ಬಂದ 33 ನಾಯಿಗಳ ತಂಡದಲ್ಲಿ ಒಂದಕ್ಕೆ ರೇಬೀಸ್ ಇದ್ದದ್ದು, ಅದು ಪೆನ್ಸಿಲ್ವೇನಿಯಾದ ಮನೆ ಸೇರಿದ ಮೇಲೆ ಪತ್ತೆಯಾಯಿತು. ಸುಳ್ಳು ಮತ್ತು ಅಪೂರ್ಣ ಪ್ರಮಾಣಪತ್ರಗಳು ಹೆಚ್ಚಾದ ಹಿನ್ನೆಲೆಯಲ್ಲಿ ಅದೇ ವರ್ಷದ ಜುಲೈ 14ರಿಂದ ಅಮೆರಿಕವು ರೇಬೀಸ್ ಅಪಾಯ ಹೆಚ್ಚಿರುವ ದೇಶಗಳ ನಾಯಿಗಳನ್ನು ತಾತ್ಕಾಲಿಕವಾಗಿ ತಡೆಹಿಡಿಯಿತು. 2024ರ ಆಗಸ್ಟ್ 1ರಿಂದ ಹೊಸ ನಿಯಮ ಜಾರಿಗೆ ಬಂದಿತು. ಅಪಾಯ ಹೆಚ್ಚಿರುವ ದೇಶಗಳ ಆ ಪಟ್ಟಿಯಲ್ಲಿ ಭಾರತವಿದೆ. ನಾಯಿಗೆ ಕನಿಷ್ಠ ಆರು ತಿಂಗಳಾಗಿರಬೇಕು, ಚಿಪ್ ಇರಬೇಕು, ಲಸಿಕೆಯ ನಮೂನೆಗೆ ಸರ್ಕಾರಿ ಪಶುವೈದ್ಯರ ದೃಢೀಕರಣ ಬೇಕು. ಭಾರತದಲ್ಲಿ ಲಸಿಕೆ ಪಡೆದ ನಾಯಿ ನಿಗದಿತ ವಿಮಾನ ನಿಲ್ದಾಣದಲ್ಲೇ ಇಳಿದು, ಅಲ್ಲಿನ ನೋಂದಾಯಿತ ಕೇಂದ್ರದಲ್ಲಿ ತಪಾಸಣೆಗೆ ಒಳಗಾಗಬೇಕು. ಮಾನ್ಯ ಪ್ರಯೋಗಾಲಯದ ರಕ್ತಪರೀಕ್ಷೆಯ ವರದಿ ಇಲ್ಲದಿದ್ದರೆ 28 ದಿನ ಕ್ವಾರಂಟೈನ್. ಮೇಲಿನ ಉದಾಹರಣೆಯ ಮರಿ ಜನವರಿಯಲ್ಲೇ ಲಸಿಕೆ ಪಡೆದಿದ್ದರೂ ಆರು ತಿಂಗಳು ತುಂಬುವ ಏಪ್ರಿಲ್ 20ರವರೆಗೆ ಅಮೆರಿಕಕ್ಕೆ ಕಾಯಲೇಬೇಕಿತ್ತು.

ಬ್ರಿಟನ್ನಿನ ಕ್ರಮ ಯುರೋಪಿನಂತೆಯೇ ಇದ್ದು, ಹೆಚ್ಚುವರಿಯಾಗಿ ಪ್ರವೇಶಕ್ಕೆ 24ರಿಂದ 120 ಗಂಟೆಗಳ ಮುಂಚೆ ಲಾಡಿಹುಳುವಿನ ಔಷಧಿ ಕೊಡಿಸಿ ದಾಖಲಿಸಬೇಕು. ಆಸ್ಟ್ರೇಲಿಯ ಭಾರತದಿಂದ ನೇರವಾಗಿ ನಾಯಿಗಳನ್ನು ಸ್ವೀಕರಿಸುವುದಿಲ್ಲ. ಅದು ಒಪ್ಪಿರುವ ಬೇರೊಂದು ದೇಶದಲ್ಲಿ ದೀರ್ಘಕಾಲ ಇರಿಸಿ ಅಲ್ಲಿಂದ ಸಾಗಿಸಬೇಕು. ನಿಯಮಗಳು ಬದಲಾಗುತ್ತಲೇ ಇರುವುದರಿಂದ, ಚಿಪ್ ಹಾಕಿಸುವ ಮೊದಲೇ ಆಯಾ ದೇಶದ ಅಧಿಕೃತ ಪ್ರಕಟಣೆಯನ್ನು ಓದಿ ಖಚಿತಪಡಿಸಿಕೊಳ್ಳಿ.

ಮಾಲೀಕರು ಮೊದಲು ಹೋದರೆ ಏನಾಗುತ್ತದೆ?

ಈ ಪ್ರಕರಣದಲ್ಲಿ ಎಲ್ಲರೂ ಮರೆತ ಅಂಶವಿದು. ಯುರೋಪಿಯನ್ ಒಕ್ಕೂಟದಲ್ಲಿ ಸಾಕುಪ್ರಾಣಿ ಎಂಬ ಸರಳ ವರ್ಗಕ್ಕೆ ಸೇರಬೇಕಾದರೆ ನಾಯಿಯ ಪ್ರಯಾಣವು ಮಾಲೀಕರ ಪ್ರಯಾಣದ ಐದು ದಿನಗಳ ಅಂತರದಲ್ಲಿ ನಡೆಯಬೇಕು. ಮಾಲೀಕರು ಬರೆದುಕೊಟ್ಟ ಅಧಿಕಾರಪತ್ರದೊಡನೆ ಬೇರೆಯವರು ನಾಯಿಯನ್ನು ಕೊಂಡೊಯ್ಯಬಹುದಾದರೂ ಈ ಐದು ದಿನಗಳ ಮಿತಿ ತಪ್ಪದು. ಫೆಬ್ರವರಿಯಲ್ಲಿ ಹೋದವರ ನಾಯಿ ಜುಲೈನಲ್ಲಿ ಹೊರಟರೆ ಅದು ವಾಣಿಜ್ಯ ಆಮದಿನ ನಿಯಮಗಳ ಅಡಿ ಬರುತ್ತದೆ. ಆ ದಾರಿ ಬೇರೆ, ಖರ್ಚೂ ಬೇರೆ. ಆದ್ದರಿಂದ ದಂಪತಿಗಳಲ್ಲಿ ಒಬ್ಬರು ಮರಳಿ ಬಂದು ಜೊತೆಯಲ್ಲಿ ಕರೆದೊಯ್ಯುವುದೇ ಸೂಕ್ತ ಎಂದು ತಿಳಿಸಲು ರೈತರಿಗೆ ಸಲಹೆ ನೀಡಲಾಯಿತು.

ಇದರಿಂದ ಕಲಿಯಬೇಕಾದುದು ಸ್ಪಷ್ಟ. ಅತಿಥಿಗಳು ಮರಿಯನ್ನು ಒಯ್ಯುವ ಮಾತೆತ್ತಿದ ದಿನವೇ ನಾಲ್ಕು ವಿಷಯಗಳನ್ನು ಕಾಗದದ ಮೇಲೆ ಬರೆದುಕೊಳ್ಳಿ: ಯಾವ ದೇಶ, ಯಾರು ಯಾವಾಗ ಬಂದು ಕರೆದೊಯ್ಯುವರು, ಅಲ್ಲಿಯವರೆಗೆ ಆಹಾರ ಮತ್ತು ಲಸಿಕೆಯ ಖರ್ಚು ಯಾರದು, ಬಾರದೇ ಹೋದರೆ ನಾಯಿ ಯಾರದು. ಭೂಮಿ ಗೇಣಿಗೆ ಕೊಡುವಾಗ ಬರೆಸಿಕೊಳ್ಳುವ ನಾವು ಜೀವವನ್ನು ವಹಿಸಿಕೊಳ್ಳುವಾಗ ಬರೆಸಿಕೊಳ್ಳಲು ಸಂಕೋಚಪಡಬಾರದು.

ಪ್ರಯಾಣದ ಸಿದ್ಧತೆ

ಕಾಯುವ ತಿಂಗಳುಗಳು ವ್ಯರ್ಥವಲ್ಲ. ಬಯಲಿನಲ್ಲಿ ಬೆಳೆದ ಮರಿಗೆ ಪಂಜರ ಹೊಸದು. ವಿಮಾನ ಸಾಗಣೆಗೆ ಬಳಸುವ ಪಂಜರದಲ್ಲಿ ನಾಯಿ ತಲೆ ತಗ್ಗಿಸದೆ ನಿಲ್ಲಲು, ಪೂರ್ತಿ ತಿರುಗಲು, ಕಾಲು ಚಾಚಿ ಮಲಗಲು ಸಾಧ್ಯವಾಗಬೇಕು, ಗಾಳಿಯಾಡಬೇಕು, ಹೊರಗಿನಿಂದಲೇ ನೀರು ತುಂಬುವ ಪಾತ್ರೆ ಇರಬೇಕು. ಅದನ್ನು ಒಂದೆರಡು ತಿಂಗಳು ಮುಂಚೆಯೇ ತಂದು, ಬಾಗಿಲು ತೆಗೆದಿಟ್ಟು, ಊಟವನ್ನು ಅದರೊಳಗೇ ಹಾಕಿ. ತಾನಾಗಿ ಒಳಹೋಗಿ ಮಲಗುವುದನ್ನು ಕಲಿತ ಮೇಲೆ ಸ್ವಲ್ಪ ಸ್ವಲ್ಪ ಹೊತ್ತು ಬಾಗಿಲು ಹಾಕಿ ರೂಢಿ ಮಾಡಿಸಿ, ನಂತರ ವಾಹನದಲ್ಲಿ ಸಣ್ಣ ಪ್ರಯಾಣ ಮಾಡಿಸಿ. ಕೊರಳಪಟ್ಟಿ ಮತ್ತು ಹಗ್ಗದಲ್ಲಿ ನಡೆಯುವುದನ್ನೂ ಕಲಿಸಿ.

ನಿದ್ರೆಯ ಔಷಧಿ ಕೊಟ್ಟು ಕಳುಹಿಸುವುದು ಅಪಾಯಕರ. ಎತ್ತರದಲ್ಲಿ ಉಸಿರಾಟಕ್ಕೂ ರಕ್ತದೊತ್ತಡಕ್ಕೂ ತೊಂದರೆಯಾಗಬಹುದಾದ್ದರಿಂದ ವಿಮಾನ ಸಂಸ್ಥೆಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ. ಹೊರಡುವ ಕೆಲವು ಗಂಟೆಗಳ ಮುಂಚೆ ಲಘು ಆಹಾರ ಸಾಕು, ನೀರು ಮಾತ್ರ ಬೇಕು. ಉಣ್ಣಿ ಮತ್ತು ಹೊಟ್ಟೆಹುಳುವಿನ ಚಿಕಿತ್ಸೆಯನ್ನು ಪಶುವೈದ್ಯರ ಸಲಹೆಯಂತೆ ಮುಂಚೆಯೇ ಮುಗಿಸಿ. ಬೀಚಿನ ನಾಯಿಗಳಲ್ಲಿ ಉಣ್ಣಿಜ್ವರ ಒಳಗೊಳಗೇ ಇರಬಹುದಾದ್ದರಿಂದ ಅದರ ರಕ್ತಪರೀಕ್ಷೆಯನ್ನೂ ಮಾಡಿಸುವುದು ಒಳಿತು.

ದೇಶ ಬಿಡುವಾಗ ಕೇಂದ್ರ ಸರ್ಕಾರದ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆಯ ಕೇಂದ್ರದಿಂದ ರಫ್ತು ಪ್ರಮಾಣಪತ್ರ ಪಡೆಯಬೇಕು. ನಮಗೆ ಅನುಕೂಲವಾದ ಕೇಂದ್ರಗಳು ಬೆಂಗಳೂರು ಮತ್ತು ಮುಂಬಯಿಯಲ್ಲಿವೆ. ಗೋಕರ್ಣದಿಂದ ಎರಡೂ ದೂರವೇ. ಆದ್ದರಿಂದ ವಿಮಾನದ ದಿನ, ಕೇಂದ್ರದ ಭೇಟಿಯ ದಿನ, ಪ್ರಮಾಣಪತ್ರದ ಅವಧಿ ಈ ಮೂರನ್ನೂ ಹೊಂದಿಸಿಕೊಂಡು, ಹಗಲಿನ ಬಿಸಿಲು ತಪ್ಪಿಸಿ ರಾತ್ರಿ ಪ್ರಯಾಣ ಮಾಡುವುದು ಉತ್ತಮ.

ಒಂದು ನಾಯಿಗೆ ಮಾಡಿದ್ದು ಊರಿಗೂ ಬೇಕು

ಹೊರದೇಶಕ್ಕೆ ಹೋಗುವ ಒಂದು ಮರಿಗೆ ನಾವು ಗುರುತು ಹಾಕಿಸುತ್ತೇವೆ, ಲಸಿಕೆ ಕೊಡಿಸುತ್ತೇವೆ, ಅದು ಹಿಡಿದಿದೆಯೇ ಎಂದು ಅಳೆಯಿಸುತ್ತೇವೆ. ಅದರ ಜೊತೆ ಹುಟ್ಟಿ ಇಲ್ಲೇ ಉಳಿಯುವ ಮರಿಗಳಿಗೆ ಒಂದು ಚುಚ್ಚುಮದ್ದೂ ಸಿಗದಿರುವುದು ಸರಿಯಲ್ಲ. ನಮ್ಮ ಮಕ್ಕಳು ಬದುಕುವುದು ಆ ಉಳಿದ ಮರಿಗಳ ನಡುವೆಯೇ.

ಪ್ರತಿ ವರ್ಷ ಒಂದು ಪ್ರದೇಶದ ನಾಯಿಗಳಲ್ಲಿ ಕನಿಷ್ಠ ಶೇ. 70ರಷ್ಟಕ್ಕೆ ಲಸಿಕೆ ಕೊಟ್ಟರೆ ರೇಬೀಸ್ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೊಸ ಮರಿಗಳು ಹುಟ್ಟುತ್ತಲೇ ಇರುವುದರಿಂದ ಪ್ರತಿ ವರ್ಷವೂ ಕೊಡಬೇಕು. 2030ರ ಹೊತ್ತಿಗೆ ನಾಯಿಗಳಿಂದ ಹರಡುವ ರೇಬೀಸ್ ಕೊನೆಗಾಣಿಸುವ ರಾಷ್ಟ್ರೀಯ ಕ್ರಿಯಾಯೋಜನೆ 2021ರ ಸೆಪ್ಟೆಂಬರ್ 28ರಂದು, ವಿಶ್ವ ರೇಬೀಸ್ ದಿನದಂದು, ಬಿಡುಗಡೆಯಾಯಿತು. ಇದು ಆಗದ ಕೆಲಸವೇನಲ್ಲ. ಕಾರವಾರದ ಆಚೆಗಿರುವ ಗೋವಾದಲ್ಲಿಯೂ ಬೀಚುಗಳಿವೆ, ಪ್ರವಾಸಿಗರಿದ್ದಾರೆ, ನಾಯಿಗಳಿವೆ. ಅಲ್ಲಿ ಮನೆಮನೆ, ಬೀದಿಬೀದಿ ಸುತ್ತಿ ಲಸಿಕೆ ಕೊಟ್ಟು, ಶಾಲಾ ಮಕ್ಕಳಿಗೆ ತಿಳಿವಳಿಕೆ ನೀಡಿದ ಫಲವಾಗಿ 2021ರಲ್ಲಿ ಆ ರಾಜ್ಯವನ್ನು ರೇಬೀಸ್ ನಿಯಂತ್ರಿತ ಪ್ರದೇಶವೆಂದು ಘೋಷಿಸಲಾಯಿತು.

ಜಾನುವಾರು ಸಾಕಣೆದಾರರು ಒಂದು ಎಚ್ಚರಿಕೆಯನ್ನು ಅವಶ್ಯವಾಗಿ ಗಮನಿಸಬೇಕು. ನಾಯಿ ಕಚ್ಚಿದ ಹಸು ಅಥವಾ ಎಮ್ಮೆ ಕೆಲವು ವಾರಗಳ ನಂತರ ಕರ್ಕಶವಾಗಿ ಪದೇ ಪದೇ ಕೂಗಿದರೆ, ಜೊಲ್ಲು ಸುರಿಸಿದರೆ, ಮೇವು ನುಂಗಲಾಗದೆ ಒದ್ದಾಡಿದರೆ, ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಅದು ರೇಬೀಸ್ ಆಗಿದ್ದರೆ ಆ ಜೊಲ್ಲಿನಲ್ಲಿಯೇ ವೈರಾಣು ಇರುತ್ತದೆ. ಪ್ರಾಣಿಯನ್ನು ಪ್ರತ್ಯೇಕಿಸಿ, ಪಶುವೈದ್ಯರಿಗೆ ತಿಳಿಸಿ, ಅದರ ಹಾಲನ್ನು ಬಳಸಬೇಡಿ.

ಮನುಷ್ಯರಿಗೆ ನಾಯಿ ಕಚ್ಚಿದರೆ ಅಥವಾ ಪರಚಿದರೆ, ನಾಯಿ ಯಾವುದೇ ಇರಲಿ, ಮರಿಯೇ ಇರಲಿ, ಗಾಯವನ್ನು ಹರಿಯುವ ನೀರು ಮತ್ತು ಸೋಪಿನಿಂದ 15 ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿಪುಡಿ ಹಚ್ಚಬೇಡಿ. ಅಂದೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಮೊದಲ ದಿನದ ಚುಚ್ಚುಮದ್ದಿನ ನಂತರ ವೈದ್ಯರು ಹೇಳಿದ ಯಾವ ದಿನವನ್ನೂ ತಪ್ಪಿಸಬೇಡಿ. ಗಾಯ ಆಳವಾಗಿದ್ದು ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಪ್ರತಿಕಾಯದ ಮದ್ದನ್ನೂ ಕೇಳಿ ಹಾಕಿಸಿಕೊಳ್ಳಿ.

ಬೀಚಿನ ಸಮೀಪ ಕೋಣೆ ಬಾಡಿಗೆಗೆ ಕೊಡುವ ರೈತ ಕುಟುಂಬಗಳಿಗೆ ನನ್ನ ಸಲಹೆ ಹೀಗಿದೆ. ಅಕ್ಟೋಬರ್‌ನಲ್ಲಿ ಹಂಗಾಮು ಆರಂಭವಾಗುವ ಮೊದಲೇ ಕೇರಿಯ ಎಲ್ಲ ನಾಯಿಗಳನ್ನು ಪಟ್ಟಿ ಮಾಡಿ, ಸ್ಥಳೀಯ ಪಶು ಆಸ್ಪತ್ರೆ ಮತ್ತು ಪಂಚಾಯಿತಿಯೊಂದಿಗೆ ಮಾತನಾಡಿ ಒಂದು ಲಸಿಕಾ ದಿನವನ್ನು ಗೊತ್ತುಮಾಡಿಕೊಳ್ಳಿ. ಸೆಪ್ಟೆಂಬರ್ 28 ಅದಕ್ಕೆ ಹೊಂದುವ ದಿನ. ಮರಿಗಳನ್ನು ಮುದ್ದಿಸುವ ಅತಿಥಿಗಳ ಬಳಿ ಆ ಕೆಲಸಕ್ಕೆ ನೆರವು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಒಂದು ನಾಯಿಯನ್ನು ಸಾಗರದಾಚೆ ಕಳುಹಿಸುವ ವೆಚ್ಚದಲ್ಲಿ ಒಂದು ಊರಿನ ನಾಯಿಗಳಿಗೆ ಲಸಿಕೆ ಹಾಕಿಸಬಹುದು.

ಆ ರೈತರು ಏಜೆಂಟ್‌ನ ಕಾಗದವನ್ನು ಬೇಡವೆಂದರು. ಮಾರ್ಚ್ 3ರಂದು ಪಶುವೈದ್ಯರು ಮನೆಗೆ ಬಂದು ಮರಿಗೆ ಚಿಪ್ ಮತ್ತು ಲಸಿಕೆ ಹಾಕಿದರು. ಏಪ್ರಿಲ್ 2ರಂದು ರಕ್ತ ತೆಗೆದಾಯಿತು. ವರದಿ ಸರಿಯಾಗಿ ಬಂದಿದೆ. ಜುಲೈ 2ರವರೆಗೆ ಮರಿ ಅವರ ಜಗಲಿಯಲ್ಲೇ ಇರುತ್ತದೆ, ಕರೆದೊಯ್ಯಲು ಯಾರು ಬರುತ್ತಾರೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಪಶುವೈದ್ಯರು ಬಂದ ದಿನ ಸುದ್ದಿ ತಿಳಿದು ಅಕ್ಕಪಕ್ಕದ ಮನೆಯವರೂ ತಮ್ಮ ನಾಯಿಗಳನ್ನು ಹಿಡಿದು ತಂದರು. ಅಂದು ಆ ಕೇರಿಯಲ್ಲಿ ಹನ್ನೊಂದು ನಾಯಿಗಳಿಗೆ ಲಸಿಕೆಯಾಯಿತು. ಅವುಗಳಲ್ಲಿ ಹತ್ತು ಎಲ್ಲಿಗೂ ಹೋಗುವುದಿಲ್ಲ. ಮುಂದಿನ ಮಾರ್ಚ್‌ನಲ್ಲಿ ಅವಕ್ಕೆ ವರ್ಧಕ ಲಸಿಕೆ ಕೊಡಿಸಬೇಕಿದೆ, ದಿನಾಂಕವನ್ನು ಗೋಡೆಯ ಪಂಚಾಂಗದಲ್ಲಿ ಗುರುತು ಹಾಕಿಡಲು ಹೇಳಿ ಬಂದಿದ್ದೇನೆ.